ಸೇವೆಯ ತಾಯಿ ಸಾವಿತ್ರಿಬಾಯಿ ಫುಲೆ



ಸೊಲ್ಲಾಪುರದ ದಾರಿಯಿಂದ ಪುಣೆಗೆ ಹೋಗಿಬರುವ ನಮ್ಮ ಭಕ್ತರಿಗೆ ಹಡಪಸರ ಎಂಬ ಹೆಸರು ಹೊಸದಲ್ಲ. ಪುಣೆ ಹತ್ತಿರ ಬಂದಿತೆಂದು ಬಸ್ಸಿನಲ್ಲಿ ತೂಕಡಿಸುತ್ತಿದ್ದವರೆಲ್ಲ ಎದ್ದು ಗಂಟು-ಚೀಲ ನೋಡಿಕೊಳ್ಳುವುದು ಅಲ್ಲಿಯೇ. ಉಳ್ಳಾಗಡ್ಡಿ, ದಾಳಿಂಬೆ ಹೇರಿದ ಲಾರಿಗಳು ನಸುಕಿನಲ್ಲಿ ಮಾರ್ಕೆಟ್ ಯಾರ್ಡಿಗೆ ಹೋಗುವುದೂ ಅದೇ ದಾರಿಯಿಂದ. ಇಂದು ಅಲ್ಲಿ ಎತ್ತ ನೋಡಿದರೂ ಕಟ್ಟಡಗಳೇ. 1897ರಲ್ಲಿ ಮಾತ್ರ ಅದು ಊರಾಚೆಯ ಬಯಲು. ದುರ್ಮುಖಿ ಸಂವತ್ಸರ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ, ಅಲ್ಲಿಯ ಒಂದು ಹೊಲದಲ್ಲಿ, ಅರವತ್ತಾರು ವಯಸ್ಸಿನ ಒಬ್ಬ ತಾಯಿ ಪ್ಲೇಗು ಬಡಿದವರನ್ನು ತಂದು ಮಲಗಿಸಿ ಆರೈಕೆ ಮಾಡುತ್ತಿದ್ದರು. ಅವರೇ ಸಾವಿತ್ರಿಬಾಯಿ ಫುಲೆ.

ಜತ್ತ, ಅಕ್ಕಲಕೋಟೆ ಭಾಗದ ನಮ್ಮ ಕನ್ನಡ ಶಾಲೆಗಳಲ್ಲಿಯೂ ಪ್ರತಿ ವರ್ಷ ಜನವರಿ 3ರಂದು ಈ ತಾಯಿಯ ಜಯಂತಿ ನಡೆಯುತ್ತದೆ. ಹುಡುಗಿಯರು ಒಂಬತ್ತು ಗಜದ ಸೀರೆ ಉಟ್ಟು, ಹಣೆಗೆ ದೊಡ್ಡ ಕುಂಕುಮವಿಟ್ಟು ಭಾಷಣ ಮಾಡುತ್ತಾರೆ. ಶಾಲೆ ತೆರೆದದ್ದು, ಜನ ಸಗಣಿ ಎಸೆದದ್ದು, ಎಲ್ಲ ಚೆನ್ನಾಗಿ ಹೇಳುತ್ತಾರೆ. ಸಾವಿನ ಮಾತು ಬಂದಾಗ ಮಾತ್ರ ಪ್ಲೇಗಿನ ಸೇವೆಯಲ್ಲಿ ತೀರಿಕೊಂಡರು ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ. ಆ ಒಂದು ವಾಕ್ಯದೊಳಗೆ ಒಂದು ಮನೆತನದ ಜಮಾ-ಖರ್ಚು ಪೂರ್ತಿ ಅಡಗಿದೆ. ತಾಳವಾಡಿ, ಹೊಸೂರು, ಮಡಕಶಿರಾ ಕಡೆಯ ಭಕ್ತರಿಗೆ ಈ ತಾಯಿಯ ಪರಿಚಯ ಕಡಿಮೆ ಇರಬಹುದಾದ್ದರಿಂದ ಮೊದಲಿನಿಂದಲೇ ಹೇಳುತ್ತೇನೆ.

ಸಾತಾರಾ ಜಿಲ್ಲೆಯ ನಾಯಗಾವದಲ್ಲಿ 1831ರ ಜನವರಿ 3ರಂದು ಸಾವಿತ್ರಿಬಾಯಿ ಹುಟ್ಟಿದರು. ತಂದೆ ಖಂಡೋಜಿ ನೇವಸೆ ಪಾಟೀಲ, ಒಕ್ಕಲುತನದ ಮನೆ. 1840ರಲ್ಲಿ, ಒಂಬತ್ತನೆಯ ವಯಸ್ಸಿನಲ್ಲಿ, ಪುಣೆಯ ಹೂಗಾರ ಮನೆತನದ ಜೋತಿರಾವ ಫುಲೆಯವರೊಡನೆ ಮದುವೆಯಾಯಿತು. ವರನಿಗೆ ಹದಿಮೂರು. ಅಕ್ಷರ ಅರಿಯದೆ ಬಂದ ಸೊಸೆಗೆ ಗಂಡನೇ ಅಕ್ಷರ ಕಲಿಸಿದರು. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಾಗ ಅದೇ ಸೊಸೆ ಅಲ್ಲಿ ಶಿಕ್ಷಕಿಯಾದರು. ಊರವರ ಒತ್ತಾಯಕ್ಕೆ ಮಣಿದ ಮಾವ ಮಗ-ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದರು. ಆಗ ಆಶ್ರಯ ಕೊಟ್ಟವರು ಉಸ್ಮಾನ ಶೇಖ ಎಂಬ ಮಿತ್ರರು. ಮುಂದೆ ದಲಿತರ ಮಕ್ಕಳಿಗೂ ಶಾಲೆಗಳಾದವು. ಗಂಡ ಸತ್ತ ಹರೆಯದ ಹೆಣ್ಣುಮಕ್ಕಳು ಮೋಸಹೋಗಿ ಬಸಿರಾದರೆ ಗುಟ್ಟಾಗಿ ಹೆತ್ತು ಹೋಗಲು, ಕೂಸನ್ನು ಕೊಲ್ಲದೆ ಬಿಟ್ಟು ಹೋಗಲು, ತಮ್ಮ ಮನೆಯಲ್ಲಿಯೇ ಒಂದು ಆಶ್ರಯ ತೆರೆದರು. ಆ ಬಾಣಂತನಗಳನ್ನು ಮಾಡಿದವರು ಸ್ವತಃ ಸಾವಿತ್ರಿಬಾಯಿ. 1874ರಲ್ಲಿ ಹಾಗೆ ಬಂದ ಕಾಶೀಬಾಯಿ ಎಂಬ ಬ್ರಾಹ್ಮಣ ವಿಧವೆಯ ಗಂಡುಕೂಸನ್ನು ಮಕ್ಕಳಿಲ್ಲದ ಈ ದಂಪತಿ ದತ್ತು ತೆಗೆದುಕೊಂಡರು. ಯಶವಂತ ಎಂದು ಹೆಸರಿಟ್ಟರು. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಇಷ್ಟೆಲ್ಲ ನಡೆಸಲು ಹಣ ಎಲ್ಲಿಂದ ಬಂತು? ಲೆಕ್ಕ ಬರೆಯುವ ಕೈಯವನಾದ್ದರಿಂದ ನನಗೆ ಮೊದಲು ಬರುವ ಪ್ರಶ್ನೆ ಇದು. ಜೋತಿರಾಯರು ವ್ಯಾಪಾರಸ್ಥರು. ಕಟ್ಟಡದ ಕೆಲಸಗಳಿಗೆ ಕಲ್ಲು, ಸುಣ್ಣ ಒದಗಿಸುವ ಗುತ್ತಿಗೆ ಹಿಡಿದರು, ಲೋಹ ಎರಕಕ್ಕೆ ಬೇಕಾಗುವ ಸಾಮಾನುಗಳ ಏಜೆನ್ಸಿ ನಡೆಸಿದರು. ದುಡಿದು ಗಳಿಸಿದ್ದನ್ನು ಶಾಲೆಗೆ, ಆಶ್ರಯಕ್ಕೆ, ಬಂದುಹೋಗುವವರ ಊಟಕ್ಕೆ ಹಾಕಿದರು. ಕಾಯಕ-ದಾಸೋಹ ಎಂಬ ನಮ್ಮ ಮಾತು ಅವರ ಮನೆಯಲ್ಲಿ ಇರಲಿಲ್ಲ, ನಡತೆ ಇತ್ತು. 1876-77ರ ಧಾತು-ಈಶ್ವರ ಸಂವತ್ಸರಗಳ ಭೀಕರ ಬರ ಬಂದಾಗ ಸೊಲ್ಲಾಪುರ, ಕಲಾದಗಿ, ಬಳ್ಳಾರಿ ಸೀಮೆ ಬೆಂದುಹೋಯಿತು. ಪುಣೆಯ ಸುತ್ತ ಸತ್ಯಶೋಧಕ ಸಮಾಜದವರು ಅನ್ನಛತ್ರಗಳನ್ನು ತೆರೆದರು. ಸಾವಿತ್ರಿಬಾಯಿ ಹಳ್ಳಿಗಳಲ್ಲಿಯೇ ನಿಂತು ಆ ಕೆಲಸ ನೋಡಿದರು. ಗಳಿಕೆ ಇದ್ದರೂ ಮನೆಯಲ್ಲಿ ಕೂಡಿಟ್ಟ ಗಂಟು ಮಾತ್ರ ಬೆಳೆಯಲಿಲ್ಲ.

ಹೀಗೆ ಗಂಟಿಲ್ಲದ ಮನೆಗೆ 1888ರಲ್ಲಿ ಕಾಯಿಲೆ ಬಂತು. ಜೋತಿರಾಯರಿಗೆ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಯಿತು. ಎಡಗೈಯಿಂದ ಬರೆದು ತಮ್ಮ ಕೊನೆಯ ಗ್ರಂಥ ಮುಗಿಸಿದರು ಎಂಬುದು ಪ್ರಸಿದ್ಧ ಸಂಗತಿ. ಆದರೆ ಗುತ್ತಿಗೆ ಕೆಲಸಕ್ಕೆ ಎಡಗೈ ಸಾಲದು. ಗಳಿಕೆ ನಿಂತಿತು, ಔಷಧದ ಖರ್ಚು ಆರಂಭವಾಯಿತು. ಅತ್ತ ಯಶವಂತನ ವೈದ್ಯಕೀಯ ಓದಿನ ಖರ್ಚೂ ಇತ್ತು. ಡಾ. ವಿಶ್ರಾಮ ಘೋಲೆಯಂಥ ಮಿತ್ರರು ಚಿಕಿತ್ಸೆ ಮಾಡಿದರು. 1890ರಲ್ಲಿ ಮತ್ತೊಬ್ಬ ಹಿತೈಷಿ, ಮಾಮಾ ಪರಮಾನಂದರು, ಬಡೋದೆಯ ಸಯಾಜಿರಾವ ಮಹಾರಾಜರಿಗೆ ಪತ್ರ ಬರೆದು ಈ ಮನೆಯ ಕಷ್ಟ ತಿಳಿಸಿ ನೆರವು ಕೇಳಿದರು. ಬೇರೆಯವರ ಮನೆಗೆ ಅನ್ನ ಹಾಕಿದವರ ಪರವಾಗಿ ಬೇರೆಯವರು ಕೈಚಾಚಬೇಕಾಯಿತು. ಆ ವರ್ಷದ ನವೆಂಬರ 28ರಂದು ಜೋತಿರಾಯರು ತೀರಿಕೊಂಡರು.

ಇಲ್ಲಿ ನಮ್ಮ ಸಮಾಜದವರಿಗೆ ಕುತೂಹಲವೆನಿಸುವ ಒಂದು ಸಂಗತಿ ಇದೆ. ತಮ್ಮನ್ನು ಸುಡಬಾರದು, ಉಪ್ಪು ಹಾಕಿ ಮಣ್ಣು ಮಾಡಬೇಕು ಎಂದು ಜೋತಿರಾಯರ ಇಚ್ಛೆ ಇತ್ತು. ಮನೆಯ ಹಿಂದೆ ಗುಂಡಿ ತೋಡಿಸಿಯೂ ಇದ್ದರು. ವಸತಿಯ ನಡುವೆ ಹೂಳಲು ನಗರಸಭೆ ಒಪ್ಪಲಿಲ್ಲ, ದಹನವೇ ಆಯಿತು. ಆಗ ದತ್ತುಮಗ ಮಡಕೆ ಹಿಡಿಯಬಾರದೆಂದು ದಾಯಾದಿಗಳು ತಕರಾರು ತೆಗೆದರು. ಸಾವಿತ್ರಿಬಾಯಿ ತಾವೇ ಮಡಕೆ ಹಿಡಿದು ಮುಂದೆ ನಡೆದರು, ತಾವೇ ಚಿತೆಗೆ ಬೆಂಕಿ ಕೊಟ್ಟರು. ಹೆಂಗಸರು ಸ್ಮಶಾನದ ಕಡೆ ಮುಖ ಮಾಡದ ಕಾಲ ಅದು.

ಗಂಡನಿಲ್ಲದ ಮೇಲೆ ಸತ್ಯಶೋಧಕ ಸಮಾಜದ ಭಾರ ಅವರ ಮೇಲೆಯೇ ಬಂತು. 1893ರಲ್ಲಿ ಸಾಸವಡದ ಅಧಿವೇಶನಕ್ಕೆ ಅವರೇ ಅಧ್ಯಕ್ಷರು. ಯಶವಂತ ಓದು ಮುಗಿಸಿ ಸೈನ್ಯದಲ್ಲಿ ವೈದ್ಯನಾದ. ವಿಧವೆಯ ಮಗ ಎಂಬ ಕಾರಣಕ್ಕೆ ಅವನಿಗೆ ಹೆಣ್ಣು ಸಿಗುವುದೇ ಕಷ್ಟವಾಗಿತ್ತು. 1889ರಲ್ಲಿ ಹಡಪಸರದ ಗ್ಯಾನೋಬಾ ಸಸಾಣೆ ಎಂಬ ಸಮಾಜದ ಕಾರ್ಯಕರ್ತರು ತಮ್ಮ ಮಗಳನ್ನು ಕೊಟ್ಟು, ಹುಂಡವಿಲ್ಲದೆ, ಪುರೋಹಿತರಿಲ್ಲದೆ ಮದುವೆ ಮಾಡಿದ್ದರು. ಆ ಸೊಸೆ 1895ರಲ್ಲಿ ತೀರಿಕೊಂಡಳು. ಮನೆಯಲ್ಲಿ ಉಳಿದವರು ಮುದುಕಿಯಾದ ತಾಯಿ, ನೌಕರಿಯ ಮೇಲೆ ದೂರವಿದ್ದ ಮಗ.

ಮರುವರ್ಷ ಪ್ಲೇಗು ಬಂತು. 1896ರ ಸೆಪ್ಟೆಂಬರದಲ್ಲಿ ಮುಂಬಯಿಯ ಮಾಂಡವಿ ಪೇಟೆಯಲ್ಲಿ ಅದು ಮೊದಲು ಕಾಣಿಸಿಕೊಂಡಿತು. ಮಾಂಡವಿ ಎಂದರೆ ಬಂದರಿನ ಮಗ್ಗುಲಿನ ಕಾಳುಕಡಿಯ ಪೇಟೆ. ದಾಸ್ತಾನು ಕೋಣೆಗಳಿದ್ದಲ್ಲಿ ಇಲಿ ಇರಲೇಬೇಕು. ಮೊದಲು ಇಲಿ ಸಾಯುತ್ತದೆ, ಸತ್ತ ಇಲಿಯ ಮೈಮೇಲಿನ ಚಿಗಟ ಮನುಷ್ಯನನ್ನು ಕಚ್ಚುತ್ತದೆ, ಕಚ್ಚಿದ ಕೆಲವೇ ದಿನಗಳಲ್ಲಿ ಜ್ವರ ಏರಿ ತೊಡೆಸಂದಿಯಲ್ಲಿ, ಕಂಕುಳಲ್ಲಿ, ಕೊರಳಲ್ಲಿ ಗಂಟು ಏಳುತ್ತದೆ. ಶ್ವಾಸಕೋಶಕ್ಕೆ ಇಳಿದರೆ ಕೆಮ್ಮಿನಿಂದಲೇ ಪಕ್ಕದವರಿಗೆ ಹತ್ತುತ್ತದೆ. ಔಷಧವಿಲ್ಲದ ಆ ಕಾಲದಲ್ಲಿ ಗಂಟು ಎದ್ದವರಲ್ಲಿ ಅರ್ಧಕ್ಕೆ ಹತ್ತಿರ ಜನ ಉಳಿಯುತ್ತಿರಲಿಲ್ಲ. ರೋಗದ ಕ್ರಿಮಿಯನ್ನು 1894ರಲ್ಲಿಯೇ ಹಾಂಗಕಾಂಗದಲ್ಲಿ ಗುರುತಿಸಿದ್ದರು, ಆದರೆ ಅದನ್ನು ಸಾಗಿಸುವುದು ಚಿಗಟ ಎಂಬುದು ಗೊತ್ತಾದದ್ದು 1898ರಲ್ಲಿ. ಹಾಫಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ತಯಾರಿಸಿದ ಲಸಿಕೆಯನ್ನು ತನ್ನ ಮೈಗೇ ಮೊದಲು ಚುಚ್ಚಿಕೊಂಡದ್ದು 1897ರ ಜನವರಿಯಲ್ಲಿ. ಅಂದರೆ ಪುಣೆಗೆ ರೋಗ ಬಂದಾಗ ಅದು ಹೇಗೆ ಹತ್ತುತ್ತದೆಂದು ದೊಡ್ಡ ಡಾಕ್ಟರರಿಗೂ ಸರಿಯಾಗಿ ತಿಳಿದಿರಲಿಲ್ಲ. ಹತ್ತಿರ ಹೋದವರಿಗೆ ಸಾವು ಎಂಬಷ್ಟೇ ಜನರಿಗೆ ಗೊತ್ತು.

ನಮ್ಮ ಹಳ್ಳಿಗಳಲ್ಲಿ ಹಿರಿಯರು ಪ್ಲೇಗಿನ ವರ್ಷ ಎಂದೇ ಕಾಲ ಎಣಿಸುತ್ತಿದ್ದರು. ಇಲಿ ಬಿದ್ದ ಸುದ್ದಿ ಹಬ್ಬಿದರೆ ಊರಿಗೆ ಊರೇ ಖಾಲಿಯಾಗಿ ಹೊಲದಲ್ಲಿ ಗುಡಿಸಲು ಬೀಳುತ್ತಿದ್ದವು. ಒಕ್ಕಲಿಗನಿಗೆ ಹೊಲವಾದರೂ ಇತ್ತು. ಪೇಟೆಯಲ್ಲಿ ದಿನಗೂಲಿಯ ಮೇಲೆ ಬದುಕುವವನು ಎಲ್ಲಿಗೆ ಹೋಗಬೇಕು? ದುಡಿಯುವ ಗಂಡಸಿಗೆ ಜ್ವರ ಬಂದರೆ ಆ ಸಂಜೆಯಿಂದಲೇ ಕೂಲಿ ಇಲ್ಲ. ಆರೈಕೆ ಮಾಡುವವಳ ಕೂಲಿಯೂ ಹೋಯಿತು. ಸರಕಾರದವರು ಬಂದರೆ ಹಾಸಿಗೆ, ಬಟ್ಟೆ ಸುಡುತ್ತಾರೆ, ನೆಲ ಅಗೆಯುತ್ತಾರೆ, ಮನೆಗೆ ಸುಣ್ಣ ಬಳಿದು ಉಳಿದವರನ್ನು ಪ್ರತ್ಯೇಕ ಬಿಡಾರಕ್ಕೆ ಒಯ್ಯುತ್ತಾರೆ. ಅಂಥ ಮನೆಗೆ ಸಾಲ ಯಾರು ಕೊಟ್ಟಾರು? ತೀರಿಸುವವನು ನಾಳೆ ಇರುತ್ತಾನೋ ಇಲ್ಲವೋ. ಹೀಗಾಗಿ ಜನ ಕಾಯಿಲೆಯವರನ್ನು ಅಡಗಿಸಿ ಇಡತೊಡಗಿದರು. ಹೆಣವನ್ನೂ ಗುಟ್ಟಾಗಿ ಸಾಗಿಸಿದರು. 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಪ್ಲೇಗಿನ ಅಧಿಕಾರಿಯಾಗಿ ರ‍್ಯಾಂಡ ಪುಣೆಗೆ ಬಂದ. ಮಾರ್ಚದಲ್ಲಿ ಸೈನಿಕರೇ ಮನೆಮನೆ ಹೊಕ್ಕು ಹುಡುಕಾಡಿದರು. ಅವರ ದರ್ಪಕ್ಕೆ ಜನ ರೊಚ್ಚಿಗೆದ್ದದ್ದು, ಜೂನ 22ರಂದು ರ‍್ಯಾಂಡನ ಮೇಲೆ ಗುಂಡು ಹಾರಿದ್ದು ಎಲ್ಲರೂ ಇತಿಹಾಸದಲ್ಲಿ ಓದಿದ್ದೇ.

ಅಡಗಿಸುವ ಈ ಚಾಳಿ ಇಂದಿಗೂ ಹೋಗಿಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಕಚೇರಿಗೆ ಸುತ್ತಿನ ಹಳ್ಳಿಯ ಒಬ್ಬ ರೈತರು ಬಂದಿದ್ದರು. ಮನೆಯಲ್ಲಿ ಮಗಳಿಗೆ ಕ್ಷಯ. ಮದುವೆಗೆ ಅಡ್ಡಿಯಾದೀತೆಂದು ಊರಿನವರಿಗೆ ತಿಳಿಸದೆ ದೂರದ ಊರಿನಲ್ಲಿ ಖಾಸಗಿಯಾಗಿ ತೋರಿಸಿ, ಜೋಡೆತ್ತು ಮಾರಿ, ಬಡ್ಡಿಗೆ ಹಣ ತಂದು, ಎಲ್ಲ ಮುಗಿದ ಮೇಲೆ ಬಂದಿದ್ದರು. ಕ್ಷಯದ ಗುಳಿಗೆ ಸರಕಾರಿ ದವಾಖಾನೆಯಲ್ಲಿ ಬಿಡಿಗಾಸಿಲ್ಲದೆ ಸಿಗುತ್ತದೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ. ಊರಿನ ದವಾಖಾನೆಯ ಬಾಗಿಲಲ್ಲಿ ಯಾರಾದರೂ ನೋಡಿಯಾರು ಎಂಬ ಅಂಜಿಕೆಗೆ ಅವರು ತೆತ್ತ ಬೆಲೆ ಆ ಜೋಡೆತ್ತು. ಗಡಿಯ ಜನರಿಗೆ ಇನ್ನೊಂದು ತೊಡಕೂ ಉಂಟು. ಕಾಸರಗೋಡಿನವರು ಮಂಗಳೂರಿಗೆ, ಆದೋನಿಯವರು ಬಳ್ಳಾರಿಗೆ, ತಾಳವಾಡಿಯವರು ಮೈಸೂರಿಗೆ ದವಾಖಾನೆಗೆಂದು ಹೋಗುವುದು ತಲೆತಲಾಂತರದ ರೂಢಿ. 2020ರ ಮಾರ್ಚದಲ್ಲಿ ಕರೋನಾ ಬಂದು ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳನ್ನು ಹೊತ್ತ ವಾಹನಗಳು ನಡುದಾರಿಯಲ್ಲಿ ನಿಂತವು. ಮೂತ್ರಪಿಂಡದ, ಹೃದಯದ ಬೇನೆಯವರೂ ಅದರಲ್ಲಿ ಇದ್ದರು.

ಪುಣೆಯ ಮಾತಿಗೆ ಮರಳೋಣ. ಸೈನಿಕರ ಹುಡುಕಾಟ ಜೋರಾಗುವ ಮುನ್ನವೇ ಸಾವಿತ್ರಿಬಾಯಿ ಮಗನನ್ನು ಕರೆಸಿಕೊಂಡರು. ಯಶವಂತ ರಜೆ ತೆಗೆದುಕೊಂಡು ಬಂದ. ಊರಿನೊಳಗೆ ಇಂಥ ದವಾಖಾನೆಗೆ ಜಾಗ ಕೊಡುವವರಿರಲಿಲ್ಲ. ಬೀಗರಾದ ಸಸಾಣೆಯವರ ಹಡಪಸರದ ಹೊಲವೇ ದವಾಖಾನೆಯಾಯಿತು. ಮಗಳು ಸತ್ತು ಎರಡು ವರ್ಷವಾದ ಮೇಲೂ ಅಳಿಯನ ಕೆಲಸಕ್ಕೆ ಹೊಲ ಬಿಟ್ಟುಕೊಟ್ಟ ಆ ಬೀಗರ ದೊಡ್ಡತನವನ್ನು ಯಾರೂ ಹೆಚ್ಚು ಹೇಳುವುದಿಲ್ಲ, ನನಗಂತೂ ಹೇಳದೆ ಬಿಡಲು ಮನಸ್ಸಾಗಲಿಲ್ಲ. ಬಯಲು, ಗಾಳಿ, ಬೆಳಕು ಇದ್ದ ಜಾಗ. ಚಿಗಟದ ಸಂಗತಿ ತಿಳಿಯದಿದ್ದರೂ ಇಲಿ ತುಂಬಿದ ಇಕ್ಕಟ್ಟಿನ ಓಣಿಯಿಂದ ರೋಗಿಯನ್ನು ಹೊರಗೆ ತಂದದ್ದು ಸರಿಯಾದ ಕೆಲಸವೇ ಆಗಿತ್ತು.

ಮಗ ಔಷಧ ನೋಡಿಕೊಂಡ, ತಾಯಿ ರೋಗಿಗಳನ್ನು ಕರೆತರುವ ಕೆಲಸ ವಹಿಸಿಕೊಂಡರು. ಮೇಲಿನವರು ಕಾಲಿಡದ ಕೇರಿಗಳಿಗೆ ಅವರು ಹೋಗುತ್ತಿದ್ದರು. ರೋಗಿಗೆ ನೀರು ಕುಡಿಸುವುದು, ಗಂಟು ಒಡೆದಾಗ ಒರೆಸುವುದು, ಹೊಲಸು ಬಳಿಯುವುದು ಇವೆಲ್ಲ ಮನೆಯವರೇ ಮಾಡಲು ಅಂಜುವ ಕೆಲಸಗಳು. ಮನೆಯವರನ್ನು ನಿರ್ದಯರೆನ್ನಲು ನನಗೆ ಬಾಯಿ ಬರುವುದಿಲ್ಲ. ಒಬ್ಬ ಬಿದ್ದರೆ ಉಳಿದ ಐವರ ಹೊಟ್ಟೆಯ ಚಿಂತೆ ಅವರಿಗೆ. ದುಡಿಯುವ ಜೀವ ರೋಗಿಯ ಮಗ್ಗುಲಲ್ಲಿ ಕುಳಿತರೆ ಎರಡು ಜೀವ ಹೋದಂತೆ. ಆ ಭಾರವನ್ನು ಮನೆಯಿಂದ ಎತ್ತಿ ಬೇರೊಬ್ಬರು ಹೊತ್ತದ್ದರಿಂದ ಎಷ್ಟು ಮನೆಗಳಲ್ಲಿ ಒಲೆ ಉರಿದಿತೋ ಯಾರೂ ಲೆಕ್ಕ ಇಟ್ಟಿಲ್ಲ.

ಮುಂಢವೆ ಹಡಪಸರಕ್ಕೆ ಹತ್ತಿರದ ಊರು. ಅಲ್ಲಿಯ ಹೊರಕೇರಿಯ ಬಾಬಾಜಿ ಗಾಯಕವಾಡರ ಮಗ ಪಾಂಡುರಂಗನಿಗೆ ಪ್ಲೇಗು ತಗಲಿದೆಯೆಂದು ಸುದ್ದಿ ಬಂತು. ಇನ್ನೂ ಎಳೆಯ ಹುಡುಗ. ಸಾವಿತ್ರಿಬಾಯಿ ಹೋದರು, ಆ ಹುಡುಗನನ್ನು ಬೆನ್ನ ಮೇಲೆ ಹಾಕಿಕೊಂಡು ದವಾಖಾನೆಗೆ ನಡೆದರು. ಜ್ವರದ ಮೈ ಬೆನ್ನಿಗೆ ಅಂಟಿಕೊಂಡಿತ್ತು, ಉಸಿರು ಕೊರಳಿಗೆ ತಾಗುತ್ತಿತ್ತು. ಹುಡುಗ ಬದುಕಿದ. ಹೊತ್ತು ತಂದ ತಾಯಿಗೆ ರೋಗ ಹತ್ತಿತು. ಮಗನ ಕೈಯಲ್ಲಿ ಔಷಧವಿದ್ದರೂ ತಾಯಿಯನ್ನು ಉಳಿಸಿಕೊಳ್ಳುವ ಔಷಧ ಆಗ ಜಗತ್ತಿನಲ್ಲಿಯೇ ಇರಲಿಲ್ಲ. ಪ್ಲೇಗನ್ನು ಗೆಲ್ಲುವ ಸ್ಟ್ರೆಪ್ಟೊಮೈಸಿನ್ ಬಂದದ್ದು ಸುಮಾರು ಐವತ್ತು ವರ್ಷಗಳ ನಂತರ. 1897ರ ಮಾರ್ಚ 10ರ ರಾತ್ರಿ ಸಾವಿತ್ರಿಬಾಯಿ ಕಣ್ಣು ಮುಚ್ಚಿದರು.

ಜೀವನ ಚರಿತ್ರೆಗಳು ಹೆಚ್ಚಾಗಿ ಇಲ್ಲಿ ಮುಗಿಯುತ್ತವೆ. ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ.

ತಾಯಿಯನ್ನು ಕಳೆದುಕೊಂಡ ಯಶವಂತ ನೌಕರಿಗೆ ಮರಳಿದ. ಮತ್ತೆ ಮದುವೆಯಾಯಿತು, ಒಂದು ಹೆಣ್ಣುಮಗುವೂ ಆಯಿತು. ಪ್ಲೇಗು ಊರೂರು ತಿರುಗುತ್ತಲೇ ಇತ್ತು. ದೇಶದಲ್ಲಿ ಅದು ಅಡಗುವುದರೊಳಗೆ ಒಂದು ಕೋಟಿಗೂ ಹೆಚ್ಚು ಜೀವ ಹೋದವು. ತಾಯಿ ತೀರಿದ ಹತ್ತು ವರ್ಷ ತುಂಬುವ ಮುನ್ನವೇ ಡಾ. ಯಶವಂತನೂ ಪ್ಲೇಗಿನ ರೋಗಿಗಳ ಸೇವೆಯಲ್ಲಿರುವಾಗ ಅದೇ ರೋಗಕ್ಕೆ ತುತ್ತಾದ. ಮೂವತ್ತರ ಆಚೀಚಿನ ವಯಸ್ಸು. ಹೀಗೆ ಒಂದೇ ರೋಗ ಒಂದೇ ಮನೆಯಲ್ಲಿ ಎರಡು ತಲೆಮಾರನ್ನು ನುಂಗಿತು, ಇಬ್ಬರನ್ನೂ ಬೇರೆಯವರ ಹಾಸಿಗೆಯ ಬಳಿ ಇರುವಾಗಲೇ ನುಂಗಿತು.

ಉಳಿದವರು ಯಶವಂತನ ಹೆಂಡತಿ, ಚಿಕ್ಕ ಮಗಳು. ಮನೆಯಲ್ಲಿ ಆಸ್ತಿ ಎಂದರೆ ಗಂಜ ಪೇಟೆಯ ವಾಡೆ ಮತ್ತು ಮಾವನವರ ಪುಸ್ತಕಗಳು. ಪುಸ್ತಕಗಳು ರದ್ದಿಗೆ ಹೋದವು. 1910ರಲ್ಲಿ ವಾಡೆಯನ್ನೂ ಮಾರಿದರು, ನೂರು ರೂಪಾಯಿಗೆ. ಮಗಳ ಮದುವೆ ಹೇಗೋ ಆಯಿತು. ಆಮೇಲೆ ಆ ಸೊಸೆ ದೇವಸ್ಥಾನದ ಪಡಸಾಲೆಯಲ್ಲಿ, ಬೀದಿಯ ಬದಿಯಲ್ಲಿ ದಿನ ದೂಡಿದರು. ಅತ್ತೆ-ಮಾವ ಯಾರೆಂದು ಕೇಳಿದರೆ ಪುಣೆಯಲ್ಲಿ ತಿಳಿಯದವರಿರಲಿಲ್ಲ. ಮಾವನವರ ಜಯಂತಿಯ ಸಭೆಗಳು ನಡೆಯುತ್ತಲೂ ಇದ್ದವು. 1933ರಲ್ಲಿ ಅವರು ತೀರಿಕೊಂಡಾಗ ಮಣ್ಣಿನ ಖರ್ಚನ್ನೂ ನಗರಸಭೆಯೇ ನೋಡಬೇಕಾಯಿತು ಎಂದು ಮರಾಠಿಯ ಚರಿತ್ರಕಾರರು ಬರೆದಿದ್ದಾರೆ.

ಇದನ್ನು ಮೊದಲ ಸಲ ಓದಿದ ದಿನ ನಾನು ಮಠದ ವರ್ಷದ ಲೆಕ್ಕ ಬರೆಯುತ್ತಿದ್ದೆ. ಜಾತ್ರೆಯ ಮಂಟಪ, ದೀಪದ ಅಲಂಕಾರ, ಸನ್ಮಾನದ ಶಾಲುಗಳ ಖರ್ಚು ಒಂದು ಪುಟ ತುಂಬಿತ್ತು. ಕಾಯಿಲೆಯ ಮನೆಗಳಿಗೆ ಕೊಟ್ಟದ್ದು ಇತರೆ ಖರ್ಚು ಎಂಬ ಸಾಲಿನೊಳಗೆ ಸೇರಿಹೋಗಿತ್ತು. ಆ ವರ್ಷದಿಂದ ಅದಕ್ಕೆ ಬೇರೆಯೇ ಒಂದು ಸಾಲು ತೆಗೆದಿದ್ದೇನೆ. ಮೊತ್ತ ಇನ್ನೂ ಚಿಕ್ಕದೇ ಇದೆ.

ನೂರು ರೂಪಾಯಿಗೆ ಹೋದ ಆ ವಾಡೆಯನ್ನು ಮುಂದೆ ಸರಕಾರ ಕೈಗೆ ತೆಗೆದುಕೊಂಡು ಸ್ಮಾರಕ ಮಾಡಿತು. ಗಂಜ ಪೇಟೆಗೆ ಈಗ ಮಹಾತ್ಮಾ ಫುಲೆ ಪೇಟೆ ಎಂದು ಹೆಸರು. ಪುಣೆಯ ವಿಶ್ವವಿದ್ಯಾಲಯಕ್ಕೆ 2014ರಲ್ಲಿ ಸಾವಿತ್ರಿಬಾಯಿಯವರ ಹೆಸರಿಟ್ಟರು. ಮಾಲು ಇಳಿಸಿದ ಮೇಲೆ ಒಂದು ಗಳಿಗೆ ಬಿಡುವಾದರೆ ಮಾರ್ಕೆಟ್ ಯಾರ್ಡಿನಿಂದ ಆ ವಾಡೆಗೆ ಬಹಳ ದೂರವಿಲ್ಲ. ಒಳಗೆ ಬಾವಿ ಇದೆ, ಜೋತಿರಾಯರ ಸಮಾಧಿ ಇದೆ.